ಪಾದ್ರಿಯಲ್ಲದವರ ಹೆಸರು: ಒಂದು ಮಾತಿನ ಚರಿತ್ರೆ

ಕಳೆದ ಚಳಿಗಾಲದಲ್ಲಿ ಗ್ರೇಟರ್ ನೋಯ್ಡಾದ ನಮ್ಮ ಸೆಕ್ಟರಿನಲ್ಲಿ ವಯೋವೃದ್ಧ ಕನ್ನಡಿಗರೊಬ್ಬರು ತೀರಿಕೊಂಡರು. ಗದಗ-ಬೆಟಗೇರಿಯ ಕಡೆಯವರು, ಬಾಸೆಲ್ ಮಿಶನ್ನಿನ ಕಾಲದಿಂದ ಬಂದ ಕ್ರೈಸ್ತ ಮನೆತನ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು, ನಿವೃತ್ತರಾದ ಮೇಲೆ ಮಗಳ ಮನೆಗೆ ಬಂದು ನೆಲಸಿದ್ದರು. ತಿಂಗಳಿಗೊಮ್ಮೆ ಅವರ ಮನೆಯಲ್ಲಿ ಎಂಟು-ಹತ್ತು ಕುಟುಂಬಗಳು ಸೇರಿ ಕನ್ನಡದಲ್ಲಿ ಪ್ರಾರ್ಥನೆ ನಡೆಸುತ್ತಿದ್ದವು. ಧಾರವಾಡದವರು, ಮಂಗಳೂರಿನವರು, ಮೈಸೂರಿನವರು, ಬೇರೆ ಬೇರೆ ಪಂಥಗಳವರು ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಬೈಬಲ್ ಓದಿ ನಾಲ್ಕು ಮಾತು ಹೇಳುತ್ತಿದ್ದವರು ಈ ಯಜಮಾನರೇ. 2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ, ದೆಹಲಿಯ ಸುತ್ತಮುತ್ತ ಸಾವಿನ ಸುದ್ದಿಯಿಲ್ಲದ ದಿನವೇ ಇರದಿದ್ದಾಗ, ಪಾದ್ರಿಗಳು ಬರಲಾಗದ ಕಡೆ ಇವರೇ ಸ್ಮಶಾನಕ್ಕೆ ಹೋಗಿ, ದೂರದಲ್ಲಿ ನಿಂತು, ಸಮಾಧಿಯ ಪ್ರಾರ್ಥನೆ ಓದಿ ಬಂದದ್ದುಂಟು. ಒಮ್ಮೆ ಅವರನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ.

ಸಂಘದ ಪತ್ರಿಕೆಗೆ ಶ್ರದ್ಧಾಂಜಲಿಯ ನಾಲ್ಕು ಸಾಲು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕ್ರೈಸ್ತನಲ್ಲ. ಓದಿದ್ದು ಬಿ.ಎಸ್‌ಸಿ., ಹೊಟ್ಟೆಪಾಡು ಗುಮಾಸ್ತಿಕೆ. ಬರೆದ ಸಾಲುಗಳಲ್ಲಿ ಒಂದು ಹೀಗಿತ್ತು: “ಅವರು ಪಾದ್ರಿಗಳಲ್ಲದಿದ್ದರೂ ಚರ್ಚಿನ ಕೆಲಸದಲ್ಲಿ ತಮ್ಮನ್ನು ತೊಡಗಿಸಿಕೊಂಡಿದ್ದರು.” ಛಾಪಿಸುವ ಮೊದಲು ಮನೆಯವರಿಗೆ ತೋರಿಸುವುದು ಒಳ್ಳೆಯದೆಂದು ಕೊಂಡೊಯ್ದೆ. ಅವರ ಮಗಳು ಎರಡು ಸಲ ಓದಿ ಕಾಗದವನ್ನು ಮಡಿಚಿದರು.

“ಕಾಕಾ, ಅಪ್ಪಾರು ಏನಿರಲಿಲ್ಲ ಅಂತ ಬರದೀರಿ. ಏನಿದ್ರು ಅಂತ ಬರೀಲಿಲ್ಲಲ್ರಿ?”

ಉತ್ತರ ಕೊಡಲಾಗಲಿಲ್ಲ. “ಇನ್ನೊಮ್ಮೆ ಬರೆದು ತರುತ್ತೇನೆ” ಎಂದು ಹೇಳಿ ಎದ್ದು ಬಂದೆ. ಮರುದಿನ ಬೆಳಿಗ್ಗೆ ಪರಿ ಚೌಕದಲ್ಲಿ ಮೆಟ್ರೋ ಹತ್ತಿದಾಗಲೂ ಆ ಮಾತು ಕಿವಿಯಲ್ಲೇ ಇತ್ತು. ನಾನಾದರೂ ಯಾರು? ಸರ್ಕಾರದ ಭಾಷೆಯಲ್ಲಿ ‘ನಾನ್-ಗೆಜೆಟೆಡ್’ ನೌಕರ. ಗೆಜೆಟ್ಟಿನಲ್ಲಿ ಹೆಸರು ಬಾರದವನು ಎಂಬುದೇ ನನ್ನ ಹೆಸರು. ಇಪ್ಪತ್ತು ವರ್ಷದಿಂದ ಈ ‘ಅಲ್ಲ’ವನ್ನು ಹೊತ್ತು ತಿರುಗುವವನಿಗೆ, ಇನ್ನೊಬ್ಬರ ಮೇಲೆ ಅದನ್ನೇ ಹೊರಿಸಿದೆನಲ್ಲಾ ಎಂದು ನಾಚಿಕೆಯಾಯಿತು. ಅಂದಿನಿಂದ ಸಿಕ್ಕ ಪುಸ್ತಕಗಳನ್ನು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಪಾದ್ರಿಯಲ್ಲದವರಿಗೆ ‘ಲೇಮನ್’ ಎನ್ನುತ್ತಾರೆ; ಅವರೆಲ್ಲರೂ ಸೇರಿದರೆ ‘ಲೇಯಿಟಿ’. ಈ ಮಾತಿನ ಬೇರು ಗ್ರೀಕಿನ ‘ಲಾಓಸ್’, ಅಂದರೆ ಜನ. ಹೀಬ್ರೂ ಧರ್ಮಗ್ರಂಥವನ್ನು ಗ್ರೀಕಿಗೆ ತಂದವರು ‘ದೇವರ ಜನ’ ಎನ್ನುವಾಗ ಬಳಸಿದ್ದು ಇದೇ ಪದವನ್ನು. ಆ ಜನರಲ್ಲಿ ಪುರೋಹಿತರೂ ಸೇರಿದ್ದರು, ರೈತರೂ ಸೇರಿದ್ದರು. ಇದಕ್ಕೆ ಎದುರಾದ ‘ಕ್ಲರ್ಜಿ’ ಎಂಬ ಮಾತು ಬಂದದ್ದು ಗ್ರೀಕಿನ ‘ಕ್ಲೇರೋಸ್’ನಿಂದ, ಚೀಟಿ ಎತ್ತಿದಾಗ ಬಂದ ಪಾಲು ಎಂದು ಅದರ ಅರ್ಥ. ಹೊಸ ಒಡಂಬಡಿಕೆಯ ಪೇತ್ರನ ಮೊದಲ ಪತ್ರದ ಐದನೆಯ ಅಧ್ಯಾಯದಲ್ಲಿ ಈ ‘ಕ್ಲೇರೋಸ್’ ಬರುತ್ತದೆ. ಸಭೆಯ ಮುಖ್ಯಸ್ಥರು ತಮ್ಮ ಪಾಲಿಗೆ ಬಂದವರ ಮೇಲೆ ದೊರೆತನ ಮಾಡಬಾರದು ಎಂಬ ಬುದ್ಧಿಮಾತು ಅಲ್ಲಿದೆ. ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ‘ಪಾಲು’ ಎನಿಸಿಕೊಂಡವರು ಸಭೆಯ ಸಾಮಾನ್ಯ ಜನರೇ. ಮುಂದೆ ಪಾದ್ರಿವರ್ಗಕ್ಕೆ ಅಂಟಿದ ಹೆಸರು ಮೊದಲು ಜನರದ್ದಾಗಿತ್ತು!

ಎರಡೂ ಮಾತುಗಳು ಬೇರೆಯಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಕ್ರಿ.ಶ. 96ರ ಸುಮಾರಿಗೆ ರೋಮಿನ ಕ್ಲೆಮೆಂಟ್ ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ‘ಲೈಕೋಸ್’ ಎಂಬ ಗುಣವಾಚಕ ಕಾಣಿಸುತ್ತದೆ. ಕ್ರೈಸ್ತ ಬರಹಗಳಲ್ಲಿ ಆ ಪದದ ಮೊದಲ ದರ್ಶನ ಅದೇ. ಪ್ರಧಾನ ಯಾಜಕನ ಕೆಲಸ ಬೇರೆ, ಯಾಜಕರ ಕೆಲಸ ಬೇರೆ, ಜನಸಾಮಾನ್ಯನ ಕಟ್ಟಳೆ ಬೇರೆ ಎಂಬುದು ಅಲ್ಲಿನ ತಾತ್ಪರ್ಯ. ಸುಮಾರು 1140ರಲ್ಲಿ ಚರ್ಚಿನ ಕಾನೂನುಗಳನ್ನು ಒಟ್ಟುಗೂಡಿಸಿದ ಗ್ರೇಷಿಯನ್ನನ ಗ್ರಂಥದ ಹೊತ್ತಿಗೆ, ಕ್ರೈಸ್ತರಲ್ಲಿ ಎರಡು ಜಾತಿ ಎಂಬ ಮಾತು ಕಾಯಿದೆಯಾಗಿಯೇ ನಿಂತಿತ್ತು. ಒಂದು ದೇವರ ಸೇವೆಗೆ ಮೀಸಲಾದವರದು, ಇನ್ನೊಂದು ಮದುವೆಯಾಗಿ ಹೊಲ ಉತ್ತು ಕಾಣಿಕೆ ಕೊಡುವವರದು.

ಇಲ್ಲಿ ನನ್ನ ವೃತ್ತಿಯ ಹೆಸರೂ ಸಿಕ್ಕಿಕೊಂಡಿದೆ. ಮಧ್ಯಯುಗದ ಯೂರೋಪಿನಲ್ಲಿ ಓದು-ಬರಹ ಬಹುಮಟ್ಟಿಗೆ ಪಾದ್ರಿಗಳ ಸೊತ್ತಾಗಿತ್ತು. ಆದ್ದರಿಂದ ಅರಮನೆಯ ಲೆಕ್ಕ ಬರೆಯುವವನೂ ‘ಕ್ಲೆರಿಕುಸ್’ ಎನಿಸಿಕೊಂಡ. ಅದೇ ಸವೆದು ‘ಕ್ಲರ್ಕ್’ ಆಯಿತು. ಇಂಗ್ಲೆಂಡಿನಲ್ಲಿ ಪಾದ್ರಿಗಳಿಗೆ ರಾಜನ ನ್ಯಾಯಾಲಯದ ಶಿಕ್ಷೆಯಿಂದ ವಿನಾಯಿತಿ ಇತ್ತು. ಪಾದ್ರಿ ಹೌದೋ ಅಲ್ಲವೋ ಎಂದು ಗೊತ್ತುಮಾಡಲು ಬೈಬಲಿನ ಒಂದು ಕೀರ್ತನೆಯನ್ನು ಓದಿಸುತ್ತಿದ್ದರು. ಓದಬಲ್ಲವನು ನೇಣಿನಿಂದ ಪಾರು. ಈ ಪದ್ಧತಿ ಕಾನೂನಿನಿಂದ ಪೂರ್ತಿ ಅಳಿದದ್ದು 1827ರಲ್ಲಿ. ಇಂಗ್ಲೆಂಡಿನ ಚರ್ಚಿನ ಪಾದ್ರಿಯನ್ನು ಕಾನೂನಿನ ಕಾಗದಗಳಲ್ಲಿ ಇವತ್ತಿಗೂ ‘ಪವಿತ್ರ ದೀಕ್ಷೆಯ ಕ್ಲರ್ಕ್’ ಎಂದೇ ಕರೆಯುವುದುಂಟು. ಹೀಗೆ ನೋಡಿದರೆ ಸೆಕ್ರೆಟೇರಿಯಟ್ಟಿನ ನಾವೆಲ್ಲ ಪಾದ್ರಿಗಳ ದಾಯಾದಿಗಳು! ನಮ್ಮ ‘ಗುಮಾಸ್ತ’ನ ಮೂಲವಾದರೋ ಪಾರಸಿ, ಒಬ್ಬರ ಪರವಾಗಿ ನೇಮಕವಾದವನು ಎಂದು ಅರ್ಥ. ಇತ್ತ ‘ಲೇಮನ್’ ಎಂದರೆ ಓದು ಬಾರದವನು ಎಂಬ ಅರ್ಥ ಗಟ್ಟಿಯಾಯಿತು. ಇಂದು ವಿಜ್ಞಾನದ ವಿಷಯವನ್ನು ‘ಲೇಮನ್’ಗೆ ತಿಳಿಯುವಂತೆ ಹೇಳಿ ಎನ್ನುವಾಗ ನಾವು ಬಳಸುತ್ತಿರುವುದು ಈ ಹಳೆಯ ತಾತ್ಸಾರವನ್ನೇ.

ಇನ್ನು ‘ಪ್ರೀಸ್ಟ್’ ಎಂಬ ಮಾತಿನ ಕಥೆ. ಅದು ಗ್ರೀಕಿನ ‘ಪ್ರೆಸ್ಬುಟೆರೋಸ್’ ಎಂಬುದರ ಇಂಗ್ಲಿಷ್ ರೂಪ. ಆ ಪದಕ್ಕೆ ಯಜ್ಞ, ಪೂಜೆ, ಬಲಿ ಎಂಬ ಅರ್ಥವೇ ಇಲ್ಲ. ‘ಹಿರಿಯ’ ಎಂದಷ್ಟೇ ಅರ್ಥ. ಯೆಹೂದ್ಯರ ಊರುಗಳಲ್ಲಿ ಪಂಚಾಯಿತಿ ಮಾಡುತ್ತಿದ್ದ ಹಿರಿಯರಂತೆ ಮೊದಲ ಸಭೆಗಳಿಗೂ ಹಿರಿಯರಿದ್ದರು. ಕಾಲಕ್ರಮದಲ್ಲಿ ಆ ಹಿರಿಯನೇ ಪೀಠ ಹತ್ತಿ ಪಾದ್ರಿಯಾದ. ಕೆಳಗೆ ಉಳಿದವರು ‘ಲೇಯಿಟಿ’ ಆದರು.

ಈ ಗೋಡೆಗೆ ಬಲವಾದ ಏಟು ಬಿದ್ದದ್ದು ಹದಿನಾರನೆಯ ಶತಮಾನದಲ್ಲಿ. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬನೂ ಯಾಜಕನೇ, ಭೇದವಿರುವುದು ಕೆಲಸದಲ್ಲಿ ಮಾತ್ರ ಎಂದು ಮಾರ್ಟಿನ್ ಲೂಥರ್ 1520ರಲ್ಲಿ ಬರೆದ. ಜಿನೀವಾದಲ್ಲಿ ಕಾಲ್ವಿನ್ 1541ರಲ್ಲಿ ಏರ್ಪಡಿಸಿದ ಸಭಾಕಟ್ಟಳೆಯಲ್ಲಿ ನಾಲ್ಕು ಹುದ್ದೆಗಳಿದ್ದವು: ಪಾಲಕರು, ಬೋಧಕರು, ಹಿರಿಯರು, ಸೇವಕರು. ಈ ಹಿರಿಯರು ಪಾದ್ರಿಗಳಲ್ಲ. ಊರಿನ ಆಡಳಿತ ಮಂಡಳಿಗಳಿಂದ ಆರಿಸಿ ತಂದ ಗೃಹಸ್ಥರು. ಪೀಠ ಹತ್ತಿದ್ದ ‘ಹಿರಿಯ’ ಎಂಬ ಮಾತು ಹೀಗೆ ಮತ್ತೆ ಕೆಳಗಿಳಿದು ಜನರ ನಡುವೆ ಕುಳಿತಿತು. ಜರ್ಮನಿಯಲ್ಲಿ 1675ರಲ್ಲಿ ಸ್ಪೇನರ್ ಎಂಬ ಪಾಲಕ ಒಂದು ಪುಸ್ತಕ ಬರೆದು, ಮನೆಮನೆಗಳಲ್ಲಿ ಜನರೇ ಸೇರಿ ಬೈಬಲ್ ಓದುವ ಕೂಟಗಳು ನಡೆಯಬೇಕೆಂದ. ಆ ಪದ್ಧತಿ ವುರ್ಟೆಂಬರ್ಗ್ ಸೀಮೆಯ ಹಳ್ಳಿಗಳಲ್ಲಿ ಚೆನ್ನಾಗಿ ಬೇರೂರಿತು. ನಮ್ಮ ಕಥೆಗೆ ಇದು ಬೇಕಾದದ್ದು. ಏಕೆಂದರೆ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿಗೆ ಜನರನ್ನು ಕೊಟ್ಟದ್ದು ಬಹುಮಟ್ಟಿಗೆ ಆ ಸೀಮೆಯೇ.

ಆದರೆ ಕನ್ನಡ ನಾಡಿನ ಕ್ರೈಸ್ತರ ಮಾತು ಆರಂಭವಾಗುವುದು ಬಾಸೆಲ್ಲಿನವರಿಂದಲ್ಲ. ಇಟಲಿಯ ಜೆಸ್ಯೂಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ನನ್ನು ಆರಂಭಿಸಿದ್ದು 1649ರಲ್ಲಿ. ಇಂಥವರು ಕನ್ನಡವನ್ನು ಕಲಿತು, ನಮ್ಮ ಮಠಗಳ ಭಾಷೆಯಿಂದಲೇ ಪದಗಳನ್ನು ಆರಿಸಿಕೊಂಡರು. ಪಾದ್ರಿ ‘ಗುರುಗಳು’ ಆದರು, ‘ಸ್ವಾಮಿಯವರು’ ಆದರು. ನಾನು ಹಾಸನದ ಕಡೆಯವನು. ನಮ್ಮಲ್ಲಿ ಸಾತಳ್ಳಿ ಎಂದರೆ ಕ್ರೈಸ್ತ ರೈತರ ಊರು ಎಂದು ಎಲ್ಲರೂ ಬಲ್ಲರು. ಟಿಪ್ಪುವಿನ ಪತನದ ನಂತರ 1799ರಲ್ಲಿ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬೆ ದ್ಯುಬುವಾ ಅಲ್ಲಿ ಒಕ್ಕಲುತನದ ನೆಲೆಯೊಂದನ್ನು ಕಟ್ಟಿದರು. ಸಿಡುಬಿಗೆ ದೇವಿ ಹಾಕಿಸಿದರು. 1823ರಲ್ಲಿ ತಾಯ್ನಾಡಿಗೆ ಮರಳಿದರು. ಜನ ಅವರನ್ನು ಕರೆದದ್ದು ‘ದೊಡ್ಡ ಸ್ವಾಮಿಯವರು’ ಎಂದು. ಗುರುವಿಗೆ ಹೀಗೆ ಮಠದ ಹೆಸರು ಬಂದ ಮೇಲೆ ಜನರಿಗೆ ಬಂದ ಹೆಸರು ಯಾವುದು? ‘ಭಕ್ತರು’, ‘ವಿಶ್ವಾಸಿಗಳು’. ಗುರುವನ್ನು ಬಿಟ್ಟು ಭಕ್ತನಿಗೆ ಪ್ರತ್ಯೇಕವಾದ ಒಂದು ಕೆಲಸವಿದೆ ಎಂಬ ಸೂಚನೆ ಈ ಮಾತುಗಳಲ್ಲಿಲ್ಲ. ಆದರೆ ‘ಅಲ್ಲ’ ಎಂಬ ಮಾತೂ ಇಲ್ಲ, ಅದು ಸಮಾಧಾನ.

ವಾಸ್ತವದಲ್ಲಿ ಕೆಲಸವಂತೂ ಇತ್ತು. 1773ರಲ್ಲಿ ಪೋಪರು ಜೆಸ್ಯೂಟ್ ಸಂಘವನ್ನೇ ವಿಸರ್ಜಿಸಿದಾಗ ದೂರದ ಹಳ್ಳಿಗಳಿಗೆ ಗುರುಗಳು ಸಿಗುವುದು ಇನ್ನೂ ಅಪರೂಪವಾಯಿತು. ವರ್ಷಕ್ಕೊಂದೆರಡು ಸಲ ಗುರುಗಳು ಬರುವ ಊರಿನಲ್ಲಿ ಉಳಿದ ಭಾನುವಾರಗಳಂದು ಜಪ ಹೇಳಿಸುವವನು ‘ಉಪದೇಶಿ’. ಇಂಗ್ಲಿಷಿನ ‘ಕ್ಯಾಟಕಿಸ್ಟ್’ ಎಂಬುದಕ್ಕೆ ಕನ್ನಡ ನಾಡಿನಲ್ಲಿ ಎರಡೂ ಪಂಥದವರು ಬಳಸಿದ ಮಾತು ಇದು. ಮಕ್ಕಳಿಗೆ ಪಾಠ, ರೋಗಿಯ ತಲೆಗಡೆ ಪ್ರಾರ್ಥನೆ, ಊರ ಜಗಳದಲ್ಲಿ ಮಧ್ಯಸ್ಥಿಕೆ, ಗುರುಗಳಿಗೆ ಓಲೆ, ಎಲ್ಲ ಅವನದೇ. ಕಥೋಲಿಕ ಕಟ್ಟಳೆಯ ಪ್ರಕಾರವೂ ಪ್ರಾಣಾಪಾಯದ ಹೊತ್ತಿನಲ್ಲಿ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ಮದುವೆಯ ಸಂಸ್ಕಾರವನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವವರು ವಧೂವರರೇ, ಪಾದ್ರಿ ಅದಕ್ಕೆ ಸಾಕ್ಷಿ ಎಂಬುದು ಲ್ಯಾಟಿನ್ ಪರಂಪರೆಯ ನಂಬಿಕೆ.

ಕರಾವಳಿಗೆ ಬಂದರೆ ಪದಗಳ ಬಣ್ಣವೇ ಬೇರೆ. ಗೋವೆಯಿಂದ ಬಂದು ನೆಲಸಿದ ಮಂಗಳೂರಿನ ಕೊಂಕಣಿ ಕಥೋಲಿಕರು ಪೋರ್ಚುಗೀಸರ ಮಾತುಗಳನ್ನು ತಮ್ಮ ನಾಲಿಗೆಗೆ ಹೊಂದಿಸಿಕೊಂಡರು. ಚರ್ಚು ‘ಇಗರ್ಜ್’, ಚರ್ಚಿನ ಸೀಮೆ ‘ಫಿರ್ಗಜ್’, ಆ ಸೀಮೆಯ ಜನ ‘ಫಿರ್ಗಜ್‌ಗಾರ್’. ಈ ‘ಫಿರ್ಗಜ್’ ಪೋರ್ಚುಗೀಸಿನ ‘ಫ್ರೆಗೇಸಿಯಾ’ದಿಂದ ಬಂದದ್ದು. ಅದರ ಮೂಲ ಲ್ಯಾಟಿನ್ನಿನಲ್ಲಿ ‘ಚರ್ಚಿನ ಮಗ’ ಎಂಬ ಅರ್ಥದ ಮಾತು. ತಮಾಷೆಯೆಂದರೆ ಅದೇ ಬೇರಿನ ‘ಫ್ರೆಗೇಸ್’ ಎಂಬ ಪದಕ್ಕೆ ಪೋರ್ಚುಗೀಸಿನಲ್ಲಿ ಅಂಗಡಿಯ ಗಿರಾಕಿ ಎಂಬ ಅರ್ಥವೂ ಇದೆ! ಚರ್ಚಿಗೆ ಬರುವವನು ಮನೆಯ ಮಗನೋ ಗಿರಾಕಿಯೋ ಎಂಬ ಪ್ರಶ್ನೆಯನ್ನು ಒಂದೇ ಪದ ಹೊಟ್ಟೆಯಲ್ಲಿಟ್ಟುಕೊಂಡಿದೆ. ಕಾಣಿಕೆ ಡಬ್ಬಿಯಿರುವ ಯಾವ ಧರ್ಮದವರಾದರೂ ಕೇಳಿಕೊಳ್ಳಬಹುದಾದ ಪ್ರಶ್ನೆ ಇದು.

ಆದರೆ ಮಂಗಳೂರಿನವರ ಅಚ್ಚುಕಟ್ಟಾದ ಮಾತು ‘ಗುರ್ಕಾರ್’. ಫಿರ್ಗಜನ್ನು ವಾಡೆಗಳಾಗಿ ಹಂಚಿಕೊಂಡು, ವಾಡೆಗೊಬ್ಬ ಗುರ್ಕಾರನಿರುತ್ತಾನೆ. ವಾಡೆಯ ಮನೆಗಳ ಪರವಾಗಿ ವಿಗಾರರೊಡನೆ ಮಾತಾಡುವವನು, ಮದುವೆಯ ಮಾತುಕತೆಯಿಂದ ಹಿಡಿದು ಶವಸಂಸ್ಕಾರದವರೆಗೆ ಮುಂದೆ ನಿಲ್ಲುವವನು ಅವನು. ಅವನು ಪಾದ್ರಿಯಲ್ಲ, ಆದರೆ ಅವನ ಹೆಸರಿನಲ್ಲಿ ಆ ‘ಅಲ್ಲ’ ಇಲ್ಲ. ಇದು ಪೋರ್ಚುಗೀಸರಿಂದ ಬಂದ ಮಾತಲ್ಲವೆಂಬುದನ್ನು ತುಳುನಾಡಿನವರಿಗೆ ಹೇಳಬೇಕಾಗಿಲ್ಲ. ಮೊಗವೀರರೇ ಮೊದಲಾದ ಸಮುದಾಯಗಳಲ್ಲಿ ಊರ ಮುಖಂಡನಿಗೆ ‘ಗುರಿಕಾರ’ ಎಂಬ ಹೆಸರು ಪ್ರಸಿದ್ಧವಾಗಿದೆ. ಸಮುದ್ರದಾಚೆಯಿಂದ ಬಂದ ಧರ್ಮಕ್ಕೆ ಊರಿನ ಪಂಚಾಯಿತಿ ತನ್ನ ಪದವನ್ನು ಕೊಟ್ಟಿದೆ.

ಈ ಜನ ಸುಮ್ಮನೆ ಕೈಕಟ್ಟಿ ಕುಳಿತವರೂ ಅಲ್ಲ. 1784ರಲ್ಲಿ ಟಿಪ್ಪು ಸುಲ್ತಾನ್ ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ; ಬದುಕಿ ಉಳಿದವರು ಮರಳಿದ್ದು 1799ರ ನಂತರ. ಆ ಹದಿನೈದು ವರ್ಷ ಚರ್ಚುಗಳಿಲ್ಲದೆ ಅವರ ನಂಬಿಕೆ ಉಳಿದಿದ್ದರೆ ಅದು ಮನೆಮಂದಿಯ ಪ್ರಾರ್ಥನೆಯಿಂದಲ್ಲದೆ ಮತ್ತೆ ಯಾವುದರಿಂದ? ಹತ್ತೊಂಬತ್ತನೆಯ ಶತಮಾನದಲ್ಲಿ ತಮ್ಮ ಮಕ್ಕಳಿಗೆ ಒಳ್ಳೆಯ ವಿದ್ಯಾಭ್ಯಾಸ ಬೇಕು, ಜೆಸ್ಯೂಟರನ್ನು ಕಳುಹಿಸಿ ಎಂದು ರೋಮಿಗೆ ಮನವಿಗಳನ್ನು ಬರೆದವರೂ ಮಂಗಳೂರಿನ ಗೃಹಸ್ಥರೇ. 1878ರ ಕೊನೆಯ ದಿನ ಜೆಸ್ಯೂಟರು ಬಂದಿಳಿದರು. 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ಆರಂಭವಾಯಿತು. ಇಂದು ಆ ಕಾಲೇಜಿನಲ್ಲಿ ಓದಿದ ಎಲ್ಲ ಧರ್ಮದವರ ಹಿಂದೆ ಆ ಅರ್ಜಿಗಳ ಋಣವಿದೆ.

ಈಗ ಬಾಸೆಲ್ ಮಿಶನ್. ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಬಳಿಕ ಬೆಟಗೇರಿ, ಗುಳೇದಗುಡ್ಡಗಳಲ್ಲಿ ನೆಲೆಗಳಾದವು. 1843ರಲ್ಲಿ ಮೊಗ್ಲಿಂಗರು ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದದ್ದು ನಮ್ಮ ವಾಚಕರಿಗೆ ಗೊತ್ತಿರುವ ಸಂಗತಿ. ಇವರಿಗಿಂತ ಮೊದಲೇ, 1810ರಲ್ಲಿ, ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದರು.

ಈ ಪ್ರಾಟೆಸ್ಟಂಟರು ಆರಿಸಿದ ಮೂಲಪದ ‘ಸಭೆ’. ಗ್ರೀಕಿನ ‘ಎಕ್ಲೇಸಿಯಾ’ ಎಂದರೆ ಊರಿನ ಪ್ರಜೆಗಳು ಕರೆ ಬಂದಾಗ ಸೇರುವ ಕೂಟ. ಕಟ್ಟಡವಲ್ಲ, ಪಾದ್ರಿವರ್ಗವೂ ಅಲ್ಲ. ಅದಕ್ಕೆ ‘ಸಭೆ’ಗಿಂತ ಒಳ್ಳೆಯ ಕನ್ನಡ ಸಿಗಲಾರದು. ಪಾದ್ರಿ ‘ಸಭಾಪಾಲಕ’ ಆದ. ಮೈಸೂರು ಸೀಮೆಯಲ್ಲಿ ಆದರದಿಂದ ‘ಅಯ್ಯನವರು’ ಆದ. ಸಭೆಯ ಹಣಕಾಸು, ಬಡವರ ಸಹಾಯ, ಜಗಳದ ತೀರ್ಪು ನೋಡಿಕೊಳ್ಳುವ ಗೃಹಸ್ಥರು ‘ಸಭೆಯ ಹಿರಿಯರು’ ಆದರು. ಇದು ಜಿನೀವಾದ ಹಿರಿಯನೂ ಹೌದು, ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಕೂತ ಹಿರಿಯನೂ ಹೌದು. ಕನ್ನಡಕ್ಕೆ ಈ ಮಾತು ಹೊಸದಾಗಿ ಹುಟ್ಟಬೇಕಾಗಿರಲಿಲ್ಲ, ಮನೆಯಲ್ಲೇ ಇತ್ತು.

ಮಿಶನ್ನಿನ ಕೆಲಸವನ್ನೆಲ್ಲ ಪಾದ್ರಿಗಳೇ ಮಾಡಿದರೆಂದು ತಿಳಿಯುವುದೂ ತಪ್ಪು. ನೇಯ್ಗೆ ಕಲಿಸಲು 1851ರಲ್ಲಿ ಬಂದ ಹಾಲರ್, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಪ್ಲೆಬ್ಸ್ಟ್ ಇವರೆಲ್ಲ ಕೈಕಸುಬಿನವರು. ನಮ್ಮೂರ ಮನೆಗಳ ಮೇಲಿನ ಮಂಗಳೂರು ಹೆಂಚು ಉಪದೇಶಪೀಠದಿಂದ ಇಳಿದು ಬಂದದ್ದಲ್ಲ. ಹಾಗೆಯೇ ಹೆಂಗಸರು. ಮನೆಯೊಳಗಿನ ಸ್ತ್ರೀಯರಿಗೆ ಓದು ಕಲಿಸುತ್ತಾ, ಧರ್ಮಗ್ರಂಥ ಓದಿ ಹೇಳುತ್ತಾ ಬೀದಿಬೀದಿ ನಡೆದವರನ್ನು ‘ಬೈಬಲ್ ವುಮನ್’ ಎಂದು ಕರೆಯುತ್ತಿದ್ದರು. ಅವರಿಗೆ ದೀಕ್ಷೆಯಿಲ್ಲ, ಪೀಠವಿಲ್ಲ. ಎಷ್ಟೋ ಮನೆಗಳಲ್ಲಿ ಮೊದಲ ಅಕ್ಷರ ತಿದ್ದಿಸಿದ ಕೈ ಮಾತ್ರ ಅವರದು.

ಇನ್ನೊಂದು ಕಡೆ, ಪಾದ್ರಿಯ ದೀಕ್ಷೆಯೂ ನಮ್ಮವರಿಗೆ ಬಂತು. ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾಗಿ, ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ದೀಕ್ಷಿತ ಪಾದ್ರಿಯಾಗಿಯೇ ಮರಳಿದ. ಆದರೂ ಒಟ್ಟು ಯಜಮಾನಿಕೆ ಯೂರೋಪಿಯನ್ನರ ಕೈಯಲ್ಲಿಯೇ ಇತ್ತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟು ಬಳಿಕ ಸಾಗಹಾಕಿತು. ಎಂಬತ್ತು ವರ್ಷ ಆಸರೆಯಾಗಿದ್ದ ಕೈ ಒಮ್ಮೆಲೇ ತಪ್ಪಿಹೋಯಿತು. ಸಭೆಗಳು ಮುಚ್ಚಿದವೇ? ಇಲ್ಲ. ಊರಿನ ಪಾಲಕರು, ಉಪದೇಶಿಗಳು, ಹಿರಿಯರು ಸೇರಿ ನಡೆಸಿದರು. ನಮ್ಮ ಯಜಮಾನರ ಮನೆತನದಲ್ಲಿ ಆ ಕಾಲದ ನೆನಪು ಉಳಿದಿತ್ತು. “ಧೊರೆಗಳು ಹ್ವಾದಮ್ಯಾಲೆ ಸಭಾ ನಮ್ಮ ಕೈಗೆ ಬಂತು” ಎಂದು ಅಜ್ಜ ಹೇಳುತ್ತಿದ್ದರೆಂದು ಅವರೇ ನನಗೆ ಹೇಳಿದ್ದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾದಾಗ ಅದರ ಆಡಳಿತ ಮಂಡಳಿಗಳಲ್ಲಿ ಪಾದ್ರಿಗಳ ಜೊತೆಗೆ ಗೃಹಸ್ಥರಿಗೂ ಸ್ಥಾನವಿತ್ತು. ಅಲ್ಲಿ ದೀಕ್ಷಿತ ಪಾದ್ರಿಗೆ ಇಂಗ್ಲಿಷಿನಲ್ಲಿ ‘ಪ್ರೆಸ್ಬಿಟರ್’ ಎಂದೇ ಹೆಸರು, ಅಂದರೆ ಹಿರಿಯ! ಹೀಗೆ ಒಂದೇ ಮಾತು ಇಂಗ್ಲಿಷಿನಲ್ಲಿ ಪೀಠದ ಮೇಲೂ ಕನ್ನಡದಲ್ಲಿ ಬೆಂಚಿನ ಮೇಲೂ ಕೂತಿದೆ.

ಕಥೋಲಿಕರಲ್ಲಿ ಬದಲಾವಣೆ ನಿಧಾನವಾಗಿ ಬಂತು. 1859ರಲ್ಲಿ ಇಂಗ್ಲೆಂಡಿನ ಬಿಷಪರೊಬ್ಬರು ‘ಈ ಲೇಯಿಟಿ ಎಂದರೆ ಯಾರು?’ ಎಂದು ಸ್ವಲ್ಪ ತಾತ್ಸಾರದಿಂದ ಕೇಳಿದಾಗ, ಅವರಿಲ್ಲದಿದ್ದರೆ ಚರ್ಚು ನೋಡಲು ಪೆದ್ದಾಗಿ ಕಂಡೀತು ಎಂಬರ್ಥದ ಉತ್ತರ ಕೊಟ್ಟವರು ನ್ಯೂಮನ್. ಆ ಉತ್ತರಕ್ಕೆ ಮನ್ನಣೆ ದೊರೆಯಲು ನೂರು ವರ್ಷ ಹಿಡಿಯಿತು. 1962ರಿಂದ 1965ರವರೆಗೆ ರೋಮಿನಲ್ಲಿ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ, 1964ರ ನವೆಂಬರಿನಲ್ಲಿ ಚರ್ಚಿನ ಕುರಿತು ಒಂದು ಶಾಸನ ಹೊರಡಿಸಿತು. ಅದರಲ್ಲಿ ‘ದೇವಪ್ರಜೆ’ಯ ಅಧ್ಯಾಯ ಮೊದಲು, ಬಿಷಪರು-ಪಾದ್ರಿಗಳ ಅಧ್ಯಾಯ ಆಮೇಲೆ. ಅಧ್ಯಾಯಗಳ ಈ ಕ್ರಮವನ್ನೇ ದೊಡ್ಡ ಕ್ರಾಂತಿಯೆಂದು ಬಲ್ಲವರು ಹೇಳುತ್ತಾರೆ. ಫೈಲಿನಲ್ಲಿ ಯಾವ ಹಾಳೆ ಮೇಲೆ, ಯಾವುದು ಕೆಳಗೆ ಎಂಬುದರ ಬೆಲೆ ಗೊತ್ತಿರುವ ನನಗೆ ಇದು ಸುಲಭವಾಗಿ ಅರ್ಥವಾಯಿತು! ಆದರೆ ಅದೇ ಶಾಸನ ‘ಲೇಯಿಟಿ’ ಎಂದರೆ ಯಾರೆಂದು ಹೇಳಹೊರಟಾಗ, ಪಾದ್ರಿಗಳೂ ಸಂನ್ಯಾಸಿಗಳೂ ಅಲ್ಲದ ಎಲ್ಲರೂ ಎಂದೇ ಆರಂಭಿಸುತ್ತದೆ. ಅಷ್ಟು ಜನ ಪಂಡಿತರು ಸೇರಿ ಬರೆದರೂ ‘ಅಲ್ಲ’ವನ್ನು ದಾಟಲಾಗಲಿಲ್ಲವೆಂದ ಮೇಲೆ ನನ್ನ ತಪ್ಪು ಅಷ್ಟು ದೊಡ್ಡದಲ್ಲವೇನೋ.

ಆ ಮಹಾಸಭೆಯ ನಂತರ ಪೂಜೆ ಲ್ಯಾಟಿನ್ನಿನಿಂದ ಜನಭಾಷೆಗಳಿಗೆ ಬಂತು. ಕನ್ನಡದಲ್ಲಿ ಹೊಸ ಪದಗಳು ಬೇಕಾದವು: ಧರ್ಮಸಭೆ, ಧರ್ಮಕೇಂದ್ರ, ಧರ್ಮಗುರು, ಧರ್ಮಾಧ್ಯಕ್ಷ. ‘ಲೇಯಿಟಿ’ಗೆ ಕನ್ನಡ ಕಥೋಲಿಕರು ಹಿಡಿದ ಪದ ‘ಶ್ರೀಸಾಮಾನ್ಯರು’. ಕುವೆಂಪು ಅವರು ನಾಡಿನ ಬಾಯಿಗೆ ಕೊಟ್ಟ ಮಾತು ಅದು. ‘ಸಾಮಾನ್ಯ’ ಎಂದರೆ ಸಾಲದು, ಅವನಿಗೂ ಒಂದು ‘ಶ್ರೀ’ ಇರಲಿ ಎಂಬ ಭಾವ ಅದರಲ್ಲಿದೆ. ಕನ್ನಡ ಕವಿಯೊಬ್ಬನ ಮಾತು ರೋಮಿನ ಶಾಸನದ ಪದಕ್ಕೆ ಅನುವಾದವಾಗಿ ನಿಂತದ್ದು ನಮ್ಮೆಲ್ಲರಿಗೂ ಹೆಮ್ಮೆಯ ಸಂಗತಿಯೇ. ಆದರೂ ಒಂದು ಕೊರತೆ. ‘ಸಾಮಾನ್ಯ’ನೆಂದರೆ ಇನ್ನೆಲ್ಲೋ ಒಬ್ಬ ‘ವಿಶೇಷ’ನಿದ್ದಾನೆ ಎಂದಾಗುತ್ತದಷ್ಟೆ. ನಮ್ಮ ಉತ್ತರ ಭಾರತದ ಹಿಂದಿ ಚರ್ಚುಗಳಲ್ಲಿ ಇದಕ್ಕೆ ‘ಲೋಕಧರ್ಮಿ’ ಎನ್ನುತ್ತಾರೆ. ಭರತನ ನಾಟ್ಯಶಾಸ್ತ್ರ ಬಲ್ಲವರಿಗೆ ಇದು ಲೋಕದ ನಡೆಯಂತೆ ಆಡುವ ಅಭಿನಯದ ಹೆಸರು! ಪದಗಳು ಎಲ್ಲಿಂದ ಎಲ್ಲಿಗೆ ಹೋಗಿ ಕೂಡುತ್ತವೆಯೋ ಹೇಳಲಾಗದು.

ಹೆಸರು ಬದಲಾದಷ್ಟು ಬೇಗ ಅಧಿಕಾರ ಬದಲಾಗುವುದಿಲ್ಲ. ಕಥೋಲಿಕರ 1983ರ ಕಾನೂನು ಸಂಹಿತೆಯಲ್ಲಿ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸಿನ ಸಮಿತಿ ಕಡ್ಡಾಯ. ಪಾಲನಾ ಸಮಿತಿ ಬಿಷಪರು ಬೇಕೆಂದರೆ ಮಾತ್ರ, ಅದೂ ಸಲಹೆಗಷ್ಟೇ. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ವಾಚಕರ ಹಾಗೂ ಪೂಜಾಸಹಾಯಕರ ವಿಧಿವತ್ತಾದ ಸೇವೆಗಳನ್ನು ಸ್ತ್ರೀಯರಿಗೂ ತೆರೆದರು. ಅದೇ ವರ್ಷ ಉಪದೇಶಿಯ ಕೆಲಸವನ್ನು ಸ್ಥಾಯಿಯಾದ ಸೇವೆಯೆಂದು ಮಾನ್ಯ ಮಾಡಿದರು. 2023ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಸೇರಿದ ಬಿಷಪರ ಸಿನೋಡಿನಲ್ಲಿ ಗೃಹಸ್ಥರಾದ ಗಂಡಸರೂ ಹೆಂಗಸರೂ ಮೊದಲ ಬಾರಿಗೆ ಮತ ಚಲಾಯಿಸಿದರು. ನಮ್ಮ ಹಳ್ಳಿಗಳ ಉಪದೇಶಿ ಮುನ್ನೂರು ವರ್ಷ ಮಾಡಿದ ಕೆಲಸಕ್ಕೆ ಕಡೆಗೊಮ್ಮೆ ರೋಮಿನ ಮೊಹರು ಬಿತ್ತು ಎನ್ನಬಹುದು.

ಈ ವಿಷಯದಲ್ಲಿ ಕನ್ನಡಕ್ಕೆ ಬಡತನವೇನೂ ಇಲ್ಲ. ಜೈನರಲ್ಲಿ ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂದು ಸಂಘಕ್ಕೆ ನಾಲ್ಕು ಅಂಗ. ಶ್ರಾವಕನೆಂದರೆ ಮುನಿಯಲ್ಲದವನು ಎಂದಲ್ಲ, ಕೇಳುವವನು ಎಂದು. ವೀರಶೈವರ ಷಟ್‌ಸ್ಥಲದಲ್ಲಿ ‘ಭಕ್ತ’ನೇ ಮೊದಲ ಮೆಟ್ಟಿಲು, ಅವನು ಏಣಿಯ ಹೊರಗಿಲ್ಲ. 941ರ ಪಂಪ ಒಂದೇ ಕೈಯಲ್ಲಿ ಲೌಕಿಕ ಕಾವ್ಯವನ್ನೂ ಆಗಮಿಕ ಕಾವ್ಯವನ್ನೂ ಬರೆದ. ಅವನಿಗೆ ‘ಲೌಕಿಕ’ ಕೀಳುಮಾತಾಗಿರಲಿಲ್ಲ. ಮಾಡುವ ಕೆಲಸದಿಂದ ಮನುಷ್ಯನಿಗೆ ಹೆಸರಿಡುವುದು ನಮ್ಮ ಹಳೆಯ ರೂಢಿ. ‘ಅಲ್ಲದವನು’ ಎನ್ನುವ ರೂಢಿ ಬಂದದ್ದು ಕಚೇರಿಯಿಂದ. ಅದು ರೋಮಿನ ಕಚೇರಿಯಾಗಲಿ, ದೆಹಲಿಯದಾಗಲಿ.

ಕೊನೆಗೆ ಇನ್ನೊಂದು ಪದ. ಚರ್ಚಿನ ಸೀಮೆಗೆ ಇಂಗ್ಲಿಷಿನಲ್ಲಿ ‘ಪ್ಯಾರಿಶ್’ ಎನ್ನುತ್ತಾರಲ್ಲವೇ? ಅದರ ಮೂಲ ಗ್ರೀಕಿನ ‘ಪರೊಯಿಕಿಯಾ’. ‘ಪಾರಾ’ ಎಂದರೆ ಪಕ್ಕ, ‘ಓಯಿಕೋಸ್’ ಎಂದರೆ ಮನೆ. ಸ್ವಂತ ಊರಲ್ಲದ ಕಡೆ, ಬೇರೆಯವರ ಪಕ್ಕದಲ್ಲಿ ಬಿಡಾರ ಹೂಡಿದ ಪರಸ್ಥಳದವರ ಗುಂಪು ಎಂದು ಅದರ ಮೊದಲ ಅರ್ಥ. ಈ ಲೋಕದಲ್ಲಿ ತಾವು ಪ್ರವಾಸಿಗಳು ಎಂದು ಆ ಹಳೆಯ ಕ್ರೈಸ್ತರು ಭಾವಿಸಿದ್ದರಂತೆ. ಇದನ್ನು ಓದಿದಾಗ ನನಗೆ ಕಂಡದ್ದು ನಮ್ಮದೇ ಸೆಕ್ಟರು. ಹಾಸನದವನು, ಬೆಟಗೇರಿಯವರು, ಮಂಗಳೂರಿನವರು, ಎಲ್ಲರೂ ಇಲ್ಲಿ ಪಕ್ಕದ ಮನೆಯವರೇ. ಗೆಜೆಟೆಡ್ ಆಗಲಿ ಅಲ್ಲದಿರಲಿ, ದೀಕ್ಷೆ ಇರಲಿ ಬಿಡಲಿ, 2021ರ ಆ ದಿನಗಳಲ್ಲಿ ಉಪಯೋಗಕ್ಕೆ ಬಂದದ್ದು ಪಕ್ಕದ ಮನೆ.

ಶ್ರದ್ಧಾಂಜಲಿಯನ್ನು ತಿದ್ದಿ ಬರೆದೆ. ಅದರ ಮೊದಲ ಸಾಲು: “ಇವರು ತಮ್ಮ ಸಭೆಯ ಹಿರಿಯರಾಗಿದ್ದರು; ನಮಗೆಲ್ಲ ನೆರೆಯವರಾಗಿದ್ದರು.” ಮಗಳು ಓದಿದರು. “ಈಗ ಸರಿ ಆತ್ರಿ ಕಾಕಾ. ನಮ್ಮೂರಾಗೂ ಅವರನ್ನ ಹಿಂಗ ಅಂತಿದ್ರು” ಎಂದು ಹೇಳಿ, ಅಪ್ಪನ ಹಳೆಯ ಬೈಬಲಿನಲ್ಲಿ ಆ ಹಾಳೆಯನ್ನಿಟ್ಟರು.

ಕೋಲಾರ, ಬಳ್ಳಾರಿ, ರಾಯಚೂರು, ಕೊಡಗು, ಕಾಸರಗೋಡಿನ ಕಡೆಗಳಲ್ಲಿ ಇಂಥ ಗೃಹಸ್ಥರನ್ನು ಜನ ಬೇರೆ ಯಾವ ಯಾವ ಹೆಸರುಗಳಿಂದ ಕರೆಯುತ್ತಿದ್ದರು ಎಂಬುದನ್ನು ನಮ್ಮ ಸಂಘದ ಸದಸ್ಯರಲ್ಲಿ ಬಲ್ಲವರು ಇರಬಹುದು. ಮನೆಯ ಹಿರಿಯರ ಬಾಯಲ್ಲಿ ಕೇಳಿದ ಅಂಥ ಮಾತುಗಳನ್ನು ಬರೆದು ಕಳುಹಿಸಿದರೆ ಉಪಕಾರವಾದೀತು.